ಪ್ರೆಸೆಂಟೇಶನ್ ಕೊಟ್ಟು ಮೇಲಿನೋರನ್ನ ಒಪ್ಪಿಸಿದೋರು ಇದೀರಾ? ಅನುಭವ ಹೇಳಿ

ಮೊದಲ್ನೇಸಲ
ಟೀಮಿನ ಹಳೇ ಸಾಫ್ಟ್‌ವೇರ್ ಬದಲಾಯಿಸ್ಬೇಕು ಅಂತ 6 ಜನ ಮ್ಯಾನೇಜರ್‌ಗಳನ್ನ ಒಪ್ಪಿಸ್ಬೇಕು, ಸಿಕ್ಕಿರೋದು 20 ನಿಮಿಷ. ಇಬ್ರು ಈಗ್ಲೇ ಮುಖ ಗಂಟು ಹಾಕ್ಕೊಂಡಿದಾರೆ. ಸ್ಲೈಡ್ ಎಷ್ಟಿರ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಎಕ್ಸೆಲ್‌ದಾಸ
64 ಸ್ಲೈಡ್ ಮಾಡಿದ್ದೆ ಗುರು. ಮೂರು ವಾರ ಹಿಡೀತು, ಅದ್ರಲ್ಲಿ 11 ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಒಂದೇ ಗ್ರಾಫಿನ ಬಣ್ಣ ನಾಲ್ಕು ಸಲ ಬದಲಾಯಿಸಿ ಕೊನೆಗೆ ಮೊದಲಿದ್ದ ನೀಲಿಗೇ ವಾಪಸ್ ಬಂದೆ. ಒಂಬತ್ತನೇ ಸ್ಲೈಡಿಗೆ ದೊಡ್ಡ ಸಾಹೇಬ್ರು ಪೆನ್ನು ಕೆಳಗಿಟ್ಟು "ಸರಿ, ಈಗ ನಮ್ಮಿಂದ ಏನಾಗ್ಬೇಕು?" ಅಂದ್ರು. ಉತ್ತರ ಇದ್ದಿದ್ದು 58ರಲ್ಲಿ. ಎಲ್ರ ಮುಂದೆ ಟಕ ಟಕ ಅಂತ ಒತ್ತುತಾ ಇದೀನಿ, ಅನಿಮೇಶನ್ ಬೇರೆ ಹಾಕಿದ್ದೆನಲ್ಲ, ಒಂದೊಂದು ಬಾಣನೂ ಹಾರ್ಕೊಂಡು ಬಂದು ಕೂರೋವರ್ಗೂ ಕಾಯ್ಬೇಕು. 30ನೇದು ಬರೋ ಹೊತ್ತಿಗೆ ಇಬ್ರು ಎದ್ದು ಹೋಗಿದ್ರು. ಆವತ್ತಿಂದ ನನ್ನ ಮೊದಲ್ನೇ ಸ್ಲೈಡಲ್ಲಿ ಒಂದೇ ವಾಕ್ಯ: ನೀವು ಇದಕ್ಕೆ ಹೂಂ ಅನ್ಬೇಕು, ಇಷ್ಟು ದಿನದೊಳಗೆ. ಕಾರಣ ಎಲ್ಲ ಆಮೇಲೆ.

ಕೇಬಲ್ ಕಾಕ
58 ಅಂತ ಟೈಪ್ ಮಾಡಿ ಎಂಟರ್ ಹೊಡೆದಿದ್ರೆ ನೇರ ಅಲ್ಲಿಗೇ ಹೋಗ್ತಿತ್ತು.

ಎಕ್ಸೆಲ್‌ದಾಸ
ಈಗ ಗೊತ್ತು ಕಣ್ರೀ. ಆಗ ನೀವು ಪಕ್ಕದಲ್ಲಿ ಇರ್ಲಿಲ್ವಲ್ಲ.

ದನಿಗಾರ
ಸ್ಲೈಡಲ್ಲೇನಿದೆ ಸರ್, ಎಲ್ಲಾ ಇರೋದು ನಿಲುವಲ್ಲಿ, ದನೀಲಿ. ಮಾತಿನ ಪಾಲು ಬರೀ 7 ಪರ್ಸೆಂಟ್, ದನಿ 38, ಬಾಡಿ ಲಾಂಗ್ವೇಜ್ 55. ಇದಕ್ಕೆ ಅಂತ ನಾನು ಆರು ವೀಕೆಂಡ್ ಕ್ಲಾಸಿಗೆ ಹೋಗಿ, ದಿನಾ ಬೆಳಗ್ಗೆ 40 ನಿಮಿಷ ಕನ್ನಡಿ ಮುಂದೆ ನಿಂತು, ನನ್ನ ವಿಡಿಯೋ ನಾನೇ ನೋಡಿ ಅಳು ಬಂದಿದೆ. ಪ್ರತೀ ವಾಕ್ಯದ ಕೊನೇಲಿ ಮೂಗು ಮುಟ್ಕೊಳ್ತಿದ್ದೆ, ಹತ್ತು ನಿಮಿಷಕ್ಕೆ 23 ಸಲ. ಈಗ ಸೊನ್ನೆ.

ಸ್ಲೈಡ್ ಸನ್ಯಾಸಿನಿ
ಆ 7-38-55 ಕೇಳೀ ಕೇಳೀ ಸಾಕಾಗಿದೆ. ಅದು 1967ರಲ್ಲಿ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗಗಳಿಂದ ಬಂದಿದ್ದು, ಬಿಡಿ ಬಿಡಿ ಪದ, ದನಿ, ಮುಖಭಾವ ಒಂದಕ್ಕೊಂದು ತಾಳೆ ಆಗ್ದೇ ಇದ್ದಾಗ ಹೇಳೋರಿಗೆ ಇಷ್ಟಾನಾ ಇಲ್ವಾ ಅಂತ ಜನ ಹೆಂಗೆ ಅಂದಾಜು ಮಾಡ್ತಾರೆ ಅಂತ. ಎಲ್ಲಾ ಮಾತಿಗೂ ಇದು ಅನ್ವಯ ಆಗಲ್ಲ ಅಂತ ಅವರೇ ಹೇಳಿದಾರೆ. ನಿಮ್ಮ ಲೆಕ್ಕ ಸರಿ ಇದ್ರೆ ಗೊತ್ತಿಲ್ದೇ ಇರೋ ಭಾಷೇಲಿ ಭಾಷಣ ಕೇಳಿದ್ರೂ 93 ಪರ್ಸೆಂಟ್ ಅರ್ಥ ಆಗ್ಬೇಕಿತ್ತಲ್ಲ?
ನಾನು ಸ್ಲೈಡ್ ಬಿಟ್ಟು ನಾಲ್ಕು ವರ್ಷ ಆಯ್ತು. ಎರಡು ಪುಟದ ನೋಟ್ ಕೈಗೆ ಕೊಡ್ತೀನಿ, ಮೊದಲ 8 ನಿಮಿಷ ಎಲ್ರೂ ಸುಮ್ನೆ ಕೂತು ಓದೋದು, ಆಮೇಲೇ ಮಾತು. 2004ರಲ್ಲಿ ಅಮೆಜಾನ್‌ನೋರೂ ದೊಡ್ಡ ಮೀಟಿಂಗಲ್ಲಿ ಪವರ್‌ಪಾಯಿಂಟ್ ಬಿಡ್ಸಿದ್ರು. ಸ್ಲೈಡಲ್ಲಿ ಅರ್ಧ ವಾಕ್ಯ ಬರ್ದು ತಪ್ಪಿಸ್ಕೋಬಹುದು, ಪುಟದಲ್ಲಿ ಆಗಲ್ಲ. 2003ರ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ವಿಷ್ಯ ತಗೊಳ್ಳಿ, ರೆಕ್ಕೆಗೆ ಬಡಿದ ಫೋಮ್ ತುಂಡು ಪರೀಕ್ಷೆಲಿ ಬಳಸಿದ್ದಕ್ಕಿಂತ ಸುಮಾರು 640 ಪಟ್ಟು ದೊಡ್ಡದು ಅಂತ ಗೊತ್ತಾಗೋ ಅಂಕಿ ಎಂಜಿನಿಯರ್‌ಗಳ ಸ್ಲೈಡಲ್ಲೇ ಇತ್ತು, ಎಲ್ಲಿ? ಕಟ್ಟಕಡೇ ಸಾಲಲ್ಲಿ. ಮೇಲೆ ಹೆಡ್ಡಿಂಗ್ ಮಾತ್ರ ಭರವಸೆ ಕೊಡೋ ಥರ. ಏಳು ಜನ ವಾಪಸ್ ಬರ್ಲಿಲ್ಲ, ತನಿಖಾ ಮಂಡಳಿ ಆ ಸ್ಲೈಡನ್ನೇ ಎತ್ತಿ ತೋರಿಸ್ತು.

ದನಿಗಾರ
ಮೇಡಂ, ಆರು ವೀಕೆಂಡ್ ನಾನು ಕಳ್ಕೊಂಡಿದ್ದು, ನೀವಲ್ಲ. ಫಲ ಸಿಕ್ಕಿದೆ ಅಂತ ಹೇಳ್ತಿದೀನಿ, ಅಷ್ಟೇ. ನಿಮ್ಮ ನೋಟ್ ಎಲ್ರೂ ಓದ್ತಾರೆ ಅಂತ ಏನು ಗ್ಯಾರಂಟಿ?

ಸ್ಲೈಡ್ ಸನ್ಯಾಸಿನಿ
ಮೊದಲ್ನೇ ಸಲ ಇಬ್ರು ಓದ್ಲಿಲ್ಲ, ಒಬ್ರು ಅದರ ಹಿಂದೆ ಚಿತ್ರ ಬಿಡಿಸಿದ್ರು. ಹಾಗಂತ ಪದ್ಧತಿ ತಪ್ಪಾ?

ಕೇಬಲ್ ಕಾಕ
ನೀವೆಲ್ಲ ದೊಡ್ಡ ಮಾತಾಡ್ತಿದೀರ, ನನ್ನ 15 ನಿಮಿಷದಲ್ಲಿ 7 ನಿಮಿಷ ತಿಂದಿದ್ದು ಒಂದು ಅಡಾಪ್ಟರ್. ಲ್ಯಾಪ್‌ಟಾಪಲ್ಲಿ ಯುಎಸ್‌ಬಿ-ಸಿ, ಅಲ್ಲಿದ್ದ ಪ್ರೊಜೆಕ್ಟರ್ ವಿಜಿಎ. ಕೊನೆಗೆ ಬೇರೆಯವ್ರ ಲ್ಯಾಪ್‌ಟಾಪಿಗೆ ಫೈಲ್ ಹಾಕಿದ್ರೆ ಅದ್ರಲ್ಲಿ ನನ್ನ ಫಾಂಟ್ ಇಲ್ಲ, ಅಕ್ಷರ ಎಲ್ಲ ಡಬ್ಬಿ ದಾಟಿ ಹೊರಗೆ ಬಂದಿದ್ವು. ಈಗ ಪಿಡಿಎಫ್ ಒಂದು ಕಾಪಿ, ಪೆನ್‌ಡ್ರೈವ್ ಎರಡು, ಅಡಾಪ್ಟರ್ ಮೂರು ಥರದ್ದು ಬ್ಯಾಗಲ್ಲೇ ಇರುತ್ತೆ. ಮತ್ತೆ ಬಿ ಕೀ ಒತ್ತಿ, ಸ್ಕ್ರೀನ್ ಕಪ್ಪಾಗುತ್ತೆ, ಎಲ್ರ ಕಣ್ಣು ನಿಮ್ಮ ಮೇಲೆ ಬರುತ್ತೆ. ಆರು ವೀಕೆಂಡೂ ಬೇಡ, ಏನೂ ಬೇಡ.

ದನಿಗಾರ
ನೀವು ಸುಮ್ನಿರಿ ಕಾಕ.

ಕಾರಿಡಾರ್ ಕಮಲ
ಕಚ್ಚಾಡಿದ್ದು ಸಾಕು. ಮೀಟಿಂಗಲ್ಲಿ ಯಾರೂ ಮನಸ್ಸು ಬದಲಾಯ್ಸಲ್ಲ, ಹತ್ತು ಜನರೆದುರು ಮಾತು ಬದಲಾಯ್ಸಿದ್ರೆ ಮರ್ಯಾದೆ ಹೋಗುತ್ತೆ ಅಂತ ಎಲ್ರಿಗೂ ಭಯ. ನಾನು ಐವರಲ್ಲಿ ನಾಲ್ಕು ಜನರನ್ನ ಮೊದ್ಲೇ ಒಬ್ಬೊಬ್ರಾಗಿ ಕಂಡು ಬಂದಿದ್ದೆ. ಲೆಕ್ಕಪತ್ರ ನೋಡ್ಕೊಳ್ಳೋರು ರಜೆಲಿದ್ರು, ಬಂದ್ಮೇಲೆ ಒಂದು ಫೋನ್ ಮಾಡ್ಬಹುದಿತ್ತು, ಮಾಡ್ಲಿಲ್ಲ. ಆವತ್ತು ನಾನು ಉಳಿತಾಯದ ಅಂಕಿ ಹೇಳ್ತಿದ್ದಂಗೇ ಅವರು ಮೆತ್ತಗೆ "ಈ ಅಂಕಿ ಎಲ್ಲಿಂದ ಬಂತು?" ಅಂದ್ರು. ಅವರ ವಿಭಾಗದ ಹಳೇ ರಿಪೋರ್ಟಿಂದಾನೇ ತಗೊಂಡಿದ್ದೆ, ಅವರು ಆಮೇಲೆ ತಿದ್ದಿದ್ರಂತೆ. ಮಿಕ್ಕ ನಾಲ್ವರೂ ಮೇಜು ನೋಡ್ತಾ ಕೂತ್ರು. ನನ್ನ ಪ್ರಸ್ತಾವ 14 ತಿಂಗಳು ಮುಂದಕ್ಕೆ ಹೋಯ್ತು.

ಮೊದಲ್ನೇಸಲ
ಅಕ್ಕ, ಆಮೇಲೆ ಅವರ ಹತ್ರ ಹೋದ್ರಾ?

ಕಾರಿಡಾರ್ ಕಮಲ
ಮಾರನೇ ದಿನಾನೇ ಹೋದೆ. ಡ್ರಾಯರಿಂದ ಒಂದು ಹಾಳೆ ತೆಗೆದ್ರು, ನನ್ನ ಪ್ರಸ್ತಾವಕ್ಕೆ ಸರಿಯಾದ ಅಂಕಿ ಅವರೇ ಬರ್ದಿಟ್ಟಿದ್ರು, ನಾನು ಹಾಕಿದ್ದಕ್ಕಿಂತ ಉಳಿತಾಯ ಜಾಸ್ತಿ. "ಕೇಳಿದ್ರೆ ಕೊಡ್ತಿದ್ದೆ" ಅಂದ್ರು.

ಎಕ್ಸೆಲ್‌ದಾಸ
ಹಳೇ ಅಂಕಿ ತಗೊಂಡಿದ್ದೇ ನಿಮ್ಮ ತಪ್ಪು, ಅವರ ಸಿಟ್ಟಲ್ಲ. ಮೂಲ ಒಂದ್ಸಲ ಚೆಕ್ ಮಾಡ್ಬೇಕಿತ್ತು.

ಕಾರಿಡಾರ್ ಕಮಲ
64 ಸ್ಲೈಡ್ ಮಾಡಿದೋರು ಹೇಳ್ಬೇಕು.