ಈ ವಾರ ನಿಮ್ಮ ಮನೆಯಲ್ಲಿ ಯಾವ ಜಾಝ್ ರೆಕಾರ್ಡು ತಿರುಗುತ್ತಿದೆ?

ಮೈಸೂರಿನಿಂದ ಕೇಳುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವರ ಟರ್ನ್‌ಟೇಬಲ್ ಬಟ್ಟೆ ಸುತ್ತಿಕೊಂಡು ಅಟ್ಟದಲ್ಲೇ ಇತ್ತು. ಹೋದ ತಿಂಗಳು ಇಳಿಸಿ ರಿಪೇರಿ ಮಾಡಿಸಿದೆ. ಬೆಲ್ಟು ಹೊಸದು, ಮುಳ್ಳೂ ಹೊಸದು. ಮನೆಯಲ್ಲಿರುವುದೆಲ್ಲ ಕರ್ನಾಟಕ ಸಂಗೀತದ್ದು, ಇಲ್ಲವೇ ಹಳೇ ಸಿನಿಮಾದ್ದು. ನಾನು ಆರು ವರ್ಷ ಮೃದಂಗ ಕಲಿತವನು. ಜಾಝ್ ಹುಚ್ಚು ಹಿಡಿದದ್ದು ಈಚೆಗೆ, ಅದೂ ಫೋನಿನಲ್ಲಿ ಕೇಳಿ. ಹೊಸ ಎಲ್‌ಪಿ ಒಂದಕ್ಕೆ ಎರಡೂವರೆ, ಮೂರು ಸಾವಿರ ಕೊಡಬೇಕು, ವರ್ಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ನನ್ನಿಂದಾಗದು. ಸರ್ವಶ್ರೇಷ್ಠ ನೂರರ ಪಟ್ಟಿ ಬೇಡ. ಈ ವಾರ ನೀವು ನಿಜವಾಗಿ ಹಾಕಿಕೊಂಡು ಕೇಳುತ್ತಿರುವುದು ಯಾವುದು, ಯಾವ ಸೈಡು, ಯಾಕೆ? ಅಷ್ಟು ಹೇಳಿ ಸಾಕು.

ಜಯನಗರ, ಬೆಂಗಳೂರು

ನಮ್ಮ ಮನೆಯಲ್ಲಿ ಸೋಮವಾರದಿಂದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಅದರ ಎರಡನೇ ಸೈಡು. ಎಲ್ಲರೂ ಹೇಳುವ ಹೆಸರೇ ಅನ್ನಿಸಬಹುದು. ಮೂವತ್ತು ವರ್ಷ ಕೇಳಿದ ಮೇಲೂ ಬೇಸರ ಬಂದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ಮುದ್ರಣವಾದದ್ದು. ನ್ಯೂಯಾರ್ಕಿನ 30ನೇ ಬೀದಿಯಲ್ಲಿ ಹಳೆಯ ಚರ್ಚೊಂದನ್ನು ಕೊಲಂಬಿಯಾ ಕಂಪನಿ ಸ್ಟುಡಿಯೋ ಮಾಡಿಕೊಂಡಿತ್ತು. ಆ ಎತ್ತರದ ಸೂರಿನ ಗಾಳಿ ರೆಕಾರ್ಡಿನಲ್ಲೂ ಕೇಳುತ್ತದೆ. ಡೇವಿಸ್ ಊದಿ ನಿಲ್ಲಿಸಿದ ಮೇಲೆ ಸ್ವರ ಎಲ್ಲೋ ಮೇಲಕ್ಕೆ ಹೋಗಿ ಕರಗುವುದನ್ನು ಗಮನಿಸಿ.

ಇದರ ಮೊದಲ ಸೈಡಿಗೆ ಒಂದು ಕಥೆಯಿದೆ, ಕೊಳ್ಳುವ ಮೊದಲು ಗೊತ್ತಿದ್ದರೆ ಒಳ್ಳೆಯದು. ಮಾರ್ಚ್ 2ರಂದು ಟೇಪ್ ಯಂತ್ರ ಕೊಂಚ ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ಮಾಡಿದ ರೆಕಾರ್ಡು ಸಹಜವಾಗಿಯೇ ಸ್ವಲ್ಪ ಜೋರಾಗಿ ಓಡುತ್ತದೆ, ಶ್ರುತಿ ಮೇಲಕ್ಕೆ ಸರಿಯುತ್ತದೆ. 1992ರ ಮರುಮುದ್ರಣದವರೆಗೂ ಯಾರೂ ತಿದ್ದಲಿಲ್ಲ. ನನ್ನ ಹಳೇ ಪ್ರತಿಯ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ನೋಡಿದ್ದೇನೆ, ಎಷ್ಟು ಹೊಂದಿಸಿದರೂ ರೆಕಾರ್ಡಿನ ಶ್ರುತಿ ಪೆಟ್ಟಿಗೆಯ ಎರಡು ಸ್ವರಗಳ ನಡುವೆ ನಿಲ್ಲುತ್ತದೆ. ಆದ್ದರಿಂದ ಹಳೆಯದು ಸಿಕ್ಕಿತೆಂದು ದುಪ್ಪಟ್ಟು ಹಣ ಸುರಿಯಬೇಡಿ, ಒಳ್ಳೆಯ ಹೊಸ ಮುದ್ರಣ ಸಾಕು.

ಆದರೆ ನೀವು ಮೃದಂಗ ಕಲಿತವರು. ನಾನಾಗಿದ್ದರೆ ನಿಮ್ಮ ಕೈಗೆ ಮೊದಲು ಕೊಡುತ್ತಿದ್ದದ್ದು ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೈಮ್ ಔಟ್’. ಅದೇ ಸ್ಟುಡಿಯೋ, ಅದೇ 1959. ಮೊದಲ ಸೈಡಿನ ಮೊದಲ ತುಣುಕು ‘ಬ್ಲೂ ರೊಂಡೊ ಆ ಲಾ ಟರ್ಕ್’. 1958ರ ಪ್ರವಾಸದಲ್ಲಿ ಬ್ರೂಬೆಕ್ ಇಸ್ತಾಂಬುಲ್‌ನ ಬೀದಿ ವಾದ್ಯಗಾರರಿಂದ ಆ ಲಯ ಕೇಳಿಸಿಕೊಂಡರು. ಒಂಬತ್ತು ಮಾತ್ರೆ, ಎರಡು, ಎರಡು, ಎರಡು, ಮೂರು ಎಂದು ಒಡೆಯುತ್ತದೆ. ತೊಡೆಯ ಮೇಲೆ ‘ತಕದಿಮಿ ತಕ ತಕಿಟ’ ಹಾಕಿ ನೋಡಿ, ನಮ್ಮ ಒಂಬತ್ತರ ಲೆಕ್ಕ, ಸಂಕೀರ್ಣ, ಹಾಗೇ ಕೂತುಬಿಡುತ್ತದೆ. ಅದೇ ಸೈಡಿನ ಕೊನೆಗೆ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಬರೆದ ‘ಟೇಕ್ ಫೈವ್’. ಐದು ಮಾತ್ರೆ ಅಂದ ತಕ್ಷಣ ನಮ್ಮ ಖಂಡಚಾಪು ತಾಳ ಅಂದುಕೊಂಡು ಕೈ ‘ತಕ ತಕಿಟ’ಕ್ಕೆ ಹೋಗುತ್ತದೆ, ಅಲ್ಲೇ ಎಡವುತ್ತೀರಿ. ಇಲ್ಲಿ ಮೂರು ಮೊದಲು, ಎರಡು ಆಮೇಲೆ: ‘ತಕಿಟ ತಕ’. ಒಂದು ವಾರ ನನ್ನ ಕೈ ಒಪ್ಪಿರಲಿಲ್ಲ. ಒಪ್ಪಿದ ದಿನ ಆದ ಸಂತೋಷ ಇನ್ನೂ ನೆನಪಿದೆ.

ಮಂಗಳೂರು

ನನ್ನದು ಸನ್ನಿ ರೋಲಿನ್ಸ್‌ರ ‘ಸ್ಯಾಕ್ಸೊಫೋನ್ ಕೊಲೋಸಸ್’, 1956ರದ್ದು. ಹಾಕಿದ ಕೂಡಲೇ ಬರುವ ‘ಸೇಂಟ್ ಥಾಮಸ್’ ಉಂಟಲ್ಲ, ಅದು ಕೆರಿಬಿಯನ್ ದ್ವೀಪದ ಧಾಟಿ. ರೋಲಿನ್ಸ್‌ರ ಅಮ್ಮ ಆ ಕಡೆಯವರು. ಮ್ಯಾಕ್ಸ್ ರೋಚ್ ಡ್ರಮ್ಸ್ ಬಾರಿಸುವುದು ಕೇಳಿದರೆ ಅಂಗಳದಲ್ಲಿ ಹಬ್ಬ ಶುರುವಾದ ಹಾಗೆ ಆಗುತ್ತದೆ ಮಾರಾಯ್ರೆ.

ನಮ್ಮ ಜಿಲ್ಲೆಯವರಿಗೆ ಸ್ಯಾಕ್ಸೊಫೋನ್ ಪರದೇಶದ ವಾದ್ಯವೇ ಅಲ್ಲ. ದೇವಸ್ಥಾನದ ಉತ್ಸವಕ್ಕೆ ಅದು ಬೇಕು, ಮದುವೆ ದಿಬ್ಬಣಕ್ಕೂ ಬೇಕು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ವರ್ಷಗಟ್ಟಲೆ ಒದ್ದಾಡಿ ಅದರಲ್ಲಿ ಗಮಕ ಹೊರಡಿಸಿದವರು. ಅವರನ್ನು ಕೇಳಿ ಬೆಳೆದ ಕಿವಿಗೆ ರೋಲಿನ್ಸ್ ಮೊದಲು ಒರಟು ಅನ್ನಿಸಿದ್ದು ಹೌದು. ಕದ್ರಿಯವರದು ಆಲ್ಟೊ, ಇವರದು ಟೆನರ್, ದನಿಯೇ ದಪ್ಪ. ನಾಲ್ಕು ಸಲ ಕೇಳಿದ ಮೇಲೆ ಒಂದು ವಿಷಯ ಹೊಳೆಯಿತು. ಇವರೂ ಒಂದು ಪುಟ್ಟ ಸಂಗತಿಯನ್ನೇ ಹಿಡಿದು ತಿರುಗಿಸಿ ತಿರುಗಿಸಿ ಬೆಳೆಸುತ್ತಾರೆ, ನಮ್ಮ ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ನಿರವಲ್ ಮಾಡಿದ ಹಾಗೆ. ಕದ್ರಿಯವರೂ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪರೂ ಒಟ್ಟಿಗೆ ನುಡಿಸಿದ ‘ಕಿನ್ಸ್‌ಮೆನ್’ ಅಂತ 2008ರ ಆಲ್ಬಂ ಉಂಟು. ನನ್ನ ಹತ್ತಿರ ಇರುವುದು ಸಿ.ಡಿ. ತಟ್ಟೆಯೇ ಆಗಬೇಕೆಂದು ಹಠ ಹಿಡಿಯಬೇಡಿ, ಅದನ್ನು ಹೇಗಾದರೂ ಕೇಳಿ.

ಇನ್ನೊಂದು. ಮಳೆಗಾಲದಲ್ಲಿ ನಮ್ಮಲ್ಲಿ ರೆಕಾರ್ಡಿನ ಕವರಿಗೆ ಬೂಸ್ಟು ಹಿಡಿಯುತ್ತದೆ. ಒಳಗಿನ ಕಾಗದದ ಚೀಲ ತೆಗೆದು ಆಂಟಿಸ್ಟ್ಯಾಟಿಕ್ ಚೀಲ ಹಾಕಿ, ಗೋಡೆಗೆ ತಾಗದ ಹಾಗೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿ ಇಟ್ಟು ನಾನು ಮೂರು ರೆಕಾರ್ಡು ಕಳೆದುಕೊಂಡೆ. ಮೈಸೂರಿನಲ್ಲಿ ನಿಮಗೆ ಇಷ್ಟು ಕಷ್ಟವಿಲ್ಲ, ಆದರೂ.

ಧಾರವಾಡ

ಹಿಂದೂಸ್ತಾನಿ ಕೇಳಿಕೋತ ಬೆಳದಾವ್ರಿ ನಾನು. ಮನ್ಸೂರ ಅಣ್ಣಾವ್ರ ಎಲ್‌ಪಿ ನಮ್ಮ ಮನ್ಯಾಗ ದಿನಾ ಬೆಳಿಗ್ಗೆ ನಡೀತಿತ್ತು. ಹಂತಾ ಮನ್ಯಾಗ ಈಗ ಹದಿನೈದು ದಿನದಿಂದ ಬಿಲ್ ಎವನ್ಸ್‌ನ ‘ವಾಲ್ಟ್ಜ್ ಫಾರ್ ಡೆಬಿ’ ನಡದೈತಿ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗಿ ಕ್ಲಬ್ಬಿನ್ಯಾಗ 1961ರ ಜೂನ್ 25, ಒಂದು ಐತವಾರ, ಮಂದಿ ಮುಂದ ನುಡಿಸಿದ್ದು. ಗ್ಲಾಸಿನ ಸಪ್ಪಳ ಕೇಳತೈತಿ, ಮಂದಿ ಮಾತಾಡೂದು ಕೇಳತೈತಿ. ಮೊದಲ ಸಲ ನನಗ ಸಿಟ್ಟು ಬಂದಿತ್ತು, ಇಂಥಾ ಪಿಯಾನೊ ನಡದಾಗ ಸುಮ್ಮನ ಕೂಡಾಕ ಏನಾಗೇತಿ ಇವರಿಗೆ ಅಂತ. ಈಗ ಆ ಸಪ್ಪಳ ಇಲ್ದ ಅದನ್ನ ಕೇಳಾಕ ಆಗೂದಿಲ್ಲ. ನಾನೂ ಅಲ್ಲೇ ಒಂದು ಮೂಲ್ಯಾಗ ಕುಂತಂಗ ಆಗತೈತಿ.

ನೀವು ಲಯದವರು, ಹಂಗಾಗಿ ಹೇಳತೇನಿ. ಇದರಾಗ ಬಾಸ್ ನುಡಿಸೂ ಸ್ಕಾಟ್ ಲಫಾರೊ ಕಡೆ ಕಿವಿ ಇಡ್ರಿ. ಬಾಸ್ ಅಂದ್ರ ಠೇಕಾ ಹಿಡದು ನಿಲ್ಲೂದು ಅಂತ ನಾ ತಿಳಕೊಂಡಿದ್ದೆ. ಇವ ಹಂಗಲ್ಲ, ಪಿಯಾನೊ ಒಂದು ಮಾತು ಆಡಿದ್ರ ಇವ ಉತ್ತರ ಕೊಡತಾನ, ಒಮ್ಮೊಮ್ಮೆ ತಾನ ಮುಂದ ಹೋಗಿ ದಾರಿ ತೋರಸತಾನ. ಜುಗಲಬಂದಿನ ಅನ್ರಿ. ಆ ಐತವಾರ ಆಗಿ ಹತ್ತು ದಿನ ಕಳದ ಮ್ಯಾಲ, ಜುಲೈ 6ಕ್ಕ, ಕಾರ್ ಅಪಘಾತದಾಗ ಹೋದ. ಇಪ್ಪತ್ತೈದು ವಯಸ್ಸು. ಅದು ಗೊತ್ತಾದ ದಿನ ನಾ ಎರಡನೇ ಸೈಡು ಹಾಕಲಿಲ್ಲ.

ಬಸವನಗುಡಿ, ಬೆಂಗಳೂರು

ಮೇಲಿನವರ ಆಯ್ಕೆಗಳೆಲ್ಲ ಚೆನ್ನಾಗಿವೆ. ಹಣದ ಮಾತು ಬಂದದ್ದರಿಂದ ನನ್ನ ಪೆಟ್ಟನ್ನೂ ಹೇಳುತ್ತೇನೆ. 1963ಕ್ಕಿಂತ ಮೊದಲು ಹೊರಬಂದ ಧ್ವನಿಮುದ್ರಣಗಳ ಹಕ್ಕು ಯುರೋಪಿನಲ್ಲಿ ಮುಗಿದುಹೋಗಿದೆ. ಜಾಝ್‌ನ ದೊಡ್ಡ ಆಲ್ಬಂಗಳಲ್ಲಿ ಬಹಳಷ್ಟು ಅದಕ್ಕಿಂತ ಹಿಂದಿನವೇ, ಹಾಗಾಗಿ ಅಲ್ಲಿ ಯಾರು ಬೇಕಾದರೂ ಒತ್ತಿ ಮಾರಬಹುದು. ಕವರಿನ ಮೇಲೆ ‘180 ಗ್ರಾಂ’ ಅಂತ ದೊಡ್ಡದಾಗಿರುತ್ತದೆ. ದನಿ ಎಲ್ಲಿಂದ ತೆಗೆದದ್ದು, ಮೂಲ ಟೇಪಿನಿಂದಲೋ ಸಿ.ಡಿ.ಯಿಂದಲೋ ಎಂಬ ಮಾತೇ ಇರುವುದಿಲ್ಲ. ಅಂಥ ಎರಡು ಕೊಂಡೆ. ಎರಡರಲ್ಲೂ ಟ್ರಂಪೆಟ್ ಮೇಲೇರಿದಾಗ ತಗಡು ಕೆರೆದಂತಿತ್ತು. ತೂಕ ನೋಡಬೇಡಿ, ಯಾವ ಟೇಪಿನಿಂದ, ಯಾರು ಕಟ್ ಮಾಡಿದ್ದು, ಅಂದರೆ ಒತ್ತುವ ಮೊದಲು ಮೂಲ ತಟ್ಟೆಯಲ್ಲಿ ಗೆರೆ ಕೊರೆದದ್ದು ಯಾರು, ಎಂಬುದನ್ನು ಓದಿ. ಬ್ಲೂ ನೋಟ್ ಕಂಪನಿಯೇ ಹೊರತರುತ್ತಿರುವ ಟೋನ್ ಪೊಯೆಟ್ ಮಾಲೆಯಲ್ಲಿ ಕೆವಿನ್ ಗ್ರೇ ಕಟ್ ಮಾಡಿದವು ನನಗೆ ಒಮ್ಮೆಯೂ ಬೇಸರ ತರಿಸಿಲ್ಲ.

ಈಗ ತಿರುಗುತ್ತಿರುವುದು ಡ್ರಮ್ಸ್ ವಾದಕ ಆರ್ಟ್ ಬ್ಲೇಕಿಯ ‘ಮೋನಿನ್’. 1958ರ ಅಕ್ಟೋಬರ್ 30ರಂದು ರೂಡಿ ವ್ಯಾನ್ ಗೆಲ್ಡರ್ ತನ್ನ ತಂದೆತಾಯಿಯ ಮನೆಯ ನಡುಮನೆಯಲ್ಲಿ ಮುದ್ರಿಸಿದ್ದು. ಹಗಲು ಕಣ್ಣು ತಪಾಸಣೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ ಮನುಷ್ಯ ಅವನು! ಶುರುವಿನಲ್ಲಿ ಪಿಯಾನೊ ಒಂದು ಸಾಲು ಹೇಳುತ್ತದೆ, ಉಳಿದವರು ಎರಡು ಸ್ವರದಲ್ಲಿ ಹೂಂಗುಟ್ಟುತ್ತಾರೆ. ನಮ್ಮ ರಾಮೋತ್ಸವದ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಂಡಂತೆ.

ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರ ತೂಗಿದ್ದೀರಾ? ರಿಪೇರಿಯವರು ಅಂದಾಜಿಗೆ ಬಿಟ್ಟಿರುತ್ತಾರೆ. ಬಹುಪಾಲು ಕಾರ್ಟ್ರಿಜ್‌ಗಳಿಗೆ (ಮುಳ್ಳು ಕೂರುವ ಭಾಗ) ಒಂದೂವರೆಯಿಂದ ಎರಡು ಗ್ರಾಂ, ನಿಮ್ಮದರ ಕಾಗದದಲ್ಲಿ ಏನು ಬರೆದಿದೆಯೋ ಅದೇ ಸರಿ. ಹಗುರ ಇದ್ದರೆ ರೆಕಾರ್ಡಿಗೆ ಒಳ್ಳೆಯದೆಂದು ಕಡಿಮೆ ಮಾಡಬೇಡಿ. ಮುಳ್ಳು ಗೆರೆಯಲ್ಲಿ ಕುಪ್ಪಳಿಸಿ ಇನ್ನೂ ಹೆಚ್ಚು ಹಾಳುಮಾಡುತ್ತದೆ.

ಶಿವಮೊಗ್ಗ

ಎಲ್ಲರೂ ವಾದ್ಯವನ್ನೇ ಹೇಳಿದ್ದೀರಿ, ಒಂದಾದರೂ ಹಾಡು ಇರಲಿ. ಎಲ್ಲಾ ಫಿಟ್ಜ್‌ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆಯಾಗಿ ಹಾಡಿದ 1956ರ ‘ಎಲ್ಲಾ ಅಂಡ್ ಲೂಯಿ’. ಆಕೆಯದು ತಿಳಿನೀರಿನಂಥ ಕಂಠ, ಆತನದು ಜಲ್ಲಿಕಲ್ಲು. ಹಿಂದೆ ಆಸ್ಕರ್ ಪೀಟರ್‌ಸನ್‌ರ ಪಿಯಾನೊ. ನನಗೆ ಅರುವತ್ತೆಂಟು. ಸಂಜೆ ದೀಪ ಹಚ್ಚಿದ ಮೇಲೆ ನಮ್ಮವರು, ನಾನು ಇದನ್ನೇ ಹಾಕಿಕೊಂಡು ಕೂರುವುದು. ಇದನ್ನು ಕೇಳಲು ಏನೂ ಕಲಿತಿರಬೇಕಾಗಿಲ್ಲಪ್ಪ.

ಕೊಲೋನ್, ಜರ್ಮನಿ

ನಾನು ಹಾಸನದವನು, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಈ ಊರಲ್ಲಿದ್ದುಕೊಂಡು ಕೀತ್ ಜ್ಯಾರೆಟ್‌ರ ‘ಕೊಲೋನ್ ಕಾನ್ಸರ್ಟ್’ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 1975ರ ಜನವರಿ 24ರ ರಾತ್ರಿ, ಇಲ್ಲಿನ ಒಪೆರಾ ಹೌಸ್. ಕಛೇರಿ ಏರ್ಪಡಿಸಿದಾಕೆಗೆ ಹದಿನೆಂಟು ವರ್ಷ. ವೇದಿಕೆಗೆ ತಪ್ಪು ಪಿಯಾನೊ ಬಂದಿತ್ತು, ಚಿಕ್ಕದು, ಮೇಲಿನ ಸ್ವರಗಳು ಕೀರಲು. ಜ್ಯಾರೆಟ್ ಮಧ್ಯದ ಸ್ವರಗಳಲ್ಲೇ ಉಳಿದು, ಎಡಗೈಯಲ್ಲಿ ಒಂದೇ ಆವರ್ತವನ್ನು ಮತ್ತೆ ಮತ್ತೆ ನುಡಿಸುತ್ತಾ ಒಂದು ಗಂಟೆಗೂ ಮೀರಿ ಕಟ್ಟಿದ ಸಂಗೀತ ಅದು.

ಆದರೆ ನನ್ನ ತಟ್ಟೆಯ ಮೇಲೆ ಈಗಿರುವುದು ಅದಲ್ಲ. ಅದರ ಹೆಸರು ‘ಜ್ಯೋತಿ’. ಮ್ಯೂನಿಕ್‌ನ ಇಸಿಎಂ ಕಂಪನಿ 1983ರಲ್ಲಿ ಹೊರತಂದದ್ದು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ನಮ್ಮ ಬೆಂಗಳೂರಿನ ತಾಳವಾದ್ಯ ತಂಡ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್! ಆರ್. ಎ. ರಮಾಮಣಿ ಅವರ ಗಾಯನ, ಟಿ. ಎ. ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲು. ಮರಿಯಾನೊ ಬಾಸ್ಟನ್‌ನವರು, ಚಾರ್ಲ್ಸ್ ಮಿಂಗಸ್‌ರ 1963ರ ದೊಡ್ಡ ಆಲ್ಬಂ ‘ದ ಬ್ಲ್ಯಾಕ್ ಸೇಂಟ್’ನಲ್ಲಿ ಆಲ್ಟೊ ನುಡಿಸಿದವರು. ಆಮೇಲೆ ನಾಗಸ್ವರ ಕಲಿತರು, ಕೊನೆಗೆ ಈ ಊರಲ್ಲೇ ನೆಲೆಸಿ 2009ರಲ್ಲಿ ಇಲ್ಲೇ ತೀರಿಕೊಂಡರು. ಹಳೇ ರೆಕಾರ್ಡಿನಂಗಡಿಯ ಪೆಟ್ಟಿಗೆಯಲ್ಲಿ ಬೆರಳಾಡಿಸುವಾಗ ಕವರಿನ ಮೇಲೆ ‘ಕರ್ನಾಟಕ’ ಎಂಬ ಹೆಸರು ಕಂಡು ನಾನು ನಿಂತಲ್ಲೇ ನಿಂತುಬಿಟ್ಟೆ.

ಇದರಲ್ಲಿ ಸ್ಯಾಕ್ಸೊಫೋನು ರಾಗದ ಸುತ್ತ ಅಲಂಕಾರಕ್ಕೆ ಸುಳಿದಾಡುವುದಿಲ್ಲ. ರಮಾಮಣಿಯವರು ಎಳೆದ ಸ್ವರವನ್ನು ಮರಿಯಾನೊ ಕಾದು ಕೇಳಿಸಿಕೊಂಡು, ಆಮೇಲಷ್ಟೇ ಬಾಯಿ ತೆರೆಯುತ್ತಾರೆ. ಪೂರ್ವ ಪಶ್ಚಿಮ ಬೆರೆಸಿದ ಎಷ್ಟೋ ರೆಕಾರ್ಡು ಕೇಳಿದ್ದೇನೆ, ಇಷ್ಟು ವಿನಯ ಇನ್ನೆಲ್ಲೂ ಕಂಡಿಲ್ಲ. ಮೈಸೂರಿನವರೇ, ನಿಮ್ಮ ವರ್ಷದ ನಾಲ್ಕರಲ್ಲಿ ಒಂದು ಜಾಗ ಇದಕ್ಕಿರಲಿ.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ನಮಸ್ಕಾರ. ‘ಟೈಮ್ ಔಟ್’ ತರಿಸಿದೆ, ನಿನ್ನೆ ಬಂತು. ಮುಳ್ಳು ತೂಗಿದರೆ ಮೂರು ಗ್ರಾಂ ಮೀರಿತ್ತು! ಎರಡಕ್ಕೆ ಇಳಿಸಿ ಹಾಕಿದೆ. ಜಯನಗರದವರೇ, ನೀವು ಹೇಳಿದಂತೆ ನನ್ನ ಕೈಯೂ ಖಂಡಚಾಪಿಗೇ ಹೋಯಿತು. ಆದರೆ ಜೋ ಮೊರೆಲ್ಲೊ ಡ್ರಮ್ಸ್‌ನಲ್ಲಿ ಒಬ್ಬನೇ ಬಾರಿಸುತ್ತಾ ತನಿ ಬಿಟ್ಟಾಗ ಕೈ ತಾನಾಗಿ ಸರಿಹೋಯಿತು. ಅವನು ಎಷ್ಟು ದೂರ ಅಲೆದರೂ ಬ್ರೂಬೆಕ್ ಪಿಯಾನೊದಲ್ಲಿ ಅದೇ ‘ತಕಿಟ ತಕ’ ಬಿಡದೆ ಹಿಡಿದಿರುತ್ತಾನೆ, ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುವ ನಮ್ಮ ಗುರುಗಳ ಹಾಗೆ. ಮೂರು ಸಲ ಆ ಒಂದು ಸೈಡನ್ನೇ ಹಾಕಿದೆ. ಅಮ್ಮ ಅಡುಗೆಮನೆಯಿಂದ ಬಂದು ಏನೂ ಹೇಳದೆ ಕೂತರು.

ಕೊಲೋನ್‌ನವರೇ, ‘ಜ್ಯೋತಿ’ ಇಲ್ಲೆಲ್ಲೂ ಸಿಗುತ್ತಿಲ್ಲ. ಏನು ಮಾಡಲಿ?

ಕೊಲೋನ್, ಜರ್ಮನಿ

ಅದೇ ಅಂಗಡಿಯಲ್ಲಿ ಇನ್ನೊಂದು ಪ್ರತಿ ಇದೆ. ಕವರಿನ ಮೂಲೆ ಸವೆದಿದೆ, ರೆಕಾರ್ಡು ಶುದ್ಧವಾಗಿದೆ. ಡಿಸೆಂಬರಿನಲ್ಲಿ ಹಾಸನಕ್ಕೆ ಬರುತ್ತೇನೆ. ಶನಿವಾರದೊಳಗೆ ಹೂಂ ಅನ್ನಿ, ತೆಗೆದಿಡುತ್ತೇನೆ.