108 ಸಲ ಥ್ಯಾಂಕ್ಸ್ ಹೇಳಿದರೆ ಬಿಪಿ ಹೋಗುತ್ತಾ? ಚಿಕ್ಕಪ್ಪನ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಈ ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಾದಾಗ ಕೇಳಿ. ನಿನ್ನೆ ರಾತ್ರಿ ಮಾವ ಹಾಕಿದ ಫಾರ್ವರ್ಡ್ ನೋಡಿದೆ. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು 108 ಸಲ ಥ್ಯಾಂಕ್ಸ್ ಹೇಳಿದರೆ ಬಿಪಿ, ಶುಗರ್ ಎರಡೂ ಹೋಗುತ್ತವೆ ಅಂತ ಇತ್ತಲ್ಲ, ಅದೇ. ಅದರ ಕೆಳಗೆ ದೊಡ್ಡಮ್ಮ "ಹಾಗಾದ್ರೆ ಮಾತ್ರೆ ಬಿಡಬಹುದಾ" ಅಂತ ಕೇಳಿದ್ದಾರೆ. ಚಿಕ್ಕಪ್ಪ "ನೀನು ಕಾಲೇಜಲ್ಲಿ ಸೈಕಾಲಜಿ ಹೇಳಿಕೊಡ್ತೀಯಲ್ಲ, ನಿಜಾನಾ ಬುರುಡೆನಾ ಹೇಳು" ಅಂತ ನನ್ನನ್ನೇ ಹಿಡಿದಿದ್ದಾರೆ.

ದೊಡ್ಡಮ್ಮ, ಮೊದಲು ನಿಮಗೆ. ಮಾತ್ರೆ ಬಿಡಬೇಡಿ. ಕಮ್ಮಿ ಮಾಡುವುದಿದ್ದರೂ ಡಾಕ್ಟರೇ ಹೇಳಬೇಕು, ವಾಟ್ಸಾಪ್ ಅಲ್ಲ.

ಚಿಕ್ಕಪ್ಪ, ಪೂರ್ತಿ ಬುರುಡೆಯೂ ಅಲ್ಲ. 2003ರಲ್ಲಿ ಅಮೆರಿಕದಲ್ಲಿ ಎಮನ್ಸ್, ಮೆಕಲಾ ಅಂತ ಇಬ್ಬರು ಸಂಶೋಧಕರು ಕೃತಜ್ಞತೆಯಿಂದ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದರು. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೊಮ್ಮೆ ಐದರವರೆಗೆ ಒಳ್ಳೆಯ ಸಂಗತಿ ಬರೆಯಬೇಕು, ಅಂದರೆ ಯಾವುದಕ್ಕೆ ಕೃತಜ್ಞತೆ ಅನಿಸಿತೋ ಅದು. ಇನ್ನೊಂದು ಗುಂಪು ತಾಪತ್ರಯ ಬರೆಯಬೇಕು. ಮೂರನೆಯವರು ಸುಮ್ನೆ ಏನೇನಾಯಿತು ಅಂತ. ಹತ್ತು ವಾರ ಹೀಗೆ ನಡೆಯಿತು. ಒಳ್ಳೆಯದು ಬರೆದವರಿಗೆ ಬದುಕು ಹೆಚ್ಚು ಹಿತ ಅನಿಸಿತು, ತಲೆನೋವು ಮೈಕೈನೋವು ಅಂತ ಹೇಳಿಕೊಂಡದ್ದೂ ಕಮ್ಮಿ. ತಾಪತ್ರಯ ಬರೆದವರಿಗಿಂತ ವಾರಕ್ಕೆ ಒಂದು ಗಂಟೆಗೂ ಜಾಸ್ತಿ ವ್ಯಾಯಾಮ ಮಾಡಿದ್ದಾಗಿ ಹೇಳಿದರು. ಹತ್ತು ವಾರ ಗೋಳನ್ನೇ ಬರೆಯುತ್ತಾ ಕೂತವರ ಪಕ್ಕ ಯಾರನ್ನು ನಿಲ್ಲಿಸಿದರೂ ಆರೋಗ್ಯವಾಗಿಯೇ ಕಾಣುತ್ತಾರೆ, ಅಲ್ವಾ? ಅದಕ್ಕೇ ನನಗೆ ಈ ಲೆಕ್ಕದ ಮೇಲೆ ಅಷ್ಟೇನೂ ಮೋಹ ಇಲ್ಲ.

ನನಗೆ ಗಟ್ಟಿ ಅನಿಸುವುದು ನಿದ್ದೆಯ ವಿಷಯ. ಅದೇ ಸಂಶೋಧಕರು ನರ-ಸ್ನಾಯುಗಳ ಕಾಯಿಲೆ ಇದ್ದವರ ಕೈಲಿ ಮೂರು ವಾರ ದಿನಾ ಬರೆಸಿದರು. ಅವರು ಜಾಸ್ತಿ ಹೊತ್ತು ಮಲಗಿದರು, ಎದ್ದಾಗ ಮೈ ಹಗುರ ಅನಿಸಿತು. 2009ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ಸ್ ವುಡ್ ಮತ್ತು ಜೊತೆಯವರು 401 ಜನರನ್ನು ಕೇಳಿದಾಗ ಕಾರಣವೂ ಸ್ವಲ್ಪ ತಿಳಿಯಿತು. ಕೃತಜ್ಞತೆಯ ಸ್ವಭಾವ ಇರುವವರು ಮಲಗುವ ಹೊತ್ತಿಗೆ ತಲೆಯಲ್ಲಿ ಕೆಟ್ಟ ಯೋಚನೆ ಕಮ್ಮಿ ಇಟ್ಟುಕೊಳ್ಳುತ್ತಾರೆ, ಒಳ್ಳೆಯದು ಜಾಸ್ತಿ. ಚಿಕ್ಕಪ್ಪ, ನೀವು ದಿಂಬಿಗೆ ತಲೆ ಕೊಟ್ಟ ಕೂಡಲೇ ಸೈಟಿನ ಕೇಸಿನ ವಾಯಿದೆ ಲೆಕ್ಕ ಹಾಕುತ್ತೀರಲ್ಲ, ಮೂರು ಗಂಟೆಗೆ ಎದ್ದು ಗುಡ್ ಮಾರ್ನಿಂಗ್ ಹಾಕುವುದು ಅದಕ್ಕೇ ಇರಬೇಕು.

ಆದ್ದರಿಂದ ಬೆಳಿಗ್ಗೆ ಜಪ ಮಾಡುವ ಬದಲು ರಾತ್ರಿ ಮೂರು ಸಾಲು ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಯವರು 2005ರಲ್ಲಿ ಪರೀಕ್ಷಿಸಿದ್ದು ಇದನ್ನೇ. ದಿನಾ ಮಲಗುವ ಮುಂಚೆ ಅವತ್ತಿನ ಮೂರು ಒಳ್ಳೆಯ ಸಂಗತಿ, ಪ್ರತಿಯೊಂದೂ ಯಾಕೆ ಆಯಿತು ಅಂತ. ಬರೆಯಲು ಹೇಳಿದ್ದು ಒಂದೇ ವಾರ, ಅದರ ಗುಣ ಆರು ತಿಂಗಳ ಮೇಲೂ ಕಂಡಿತು. ಆದರೆ ಅಷ್ಟು ದಿನ ಉಳಿದದ್ದು ಹೆಚ್ಚಾಗಿ ವಾರ ಮುಗಿದ ಮೇಲೂ ತಾವಾಗಿ ಬರೆಯುತ್ತಾ ಹೋದವರಲ್ಲಿ.

ಆ "ಯಾಕೆ" ಅನ್ನುವುದು ಮುಖ್ಯ. ನಮ್ಮಮ್ಮ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ಮೊನ್ನೆ ಒಂದು ಚೌಕದಲ್ಲಿ ಹೀಗಿತ್ತು: "ಅರ್ಧ ಲೀ. ಜಾಸ್ತಿ. ಮೋಟಾರ್ ಕೆಟ್ಟಿತ್ತು. ಎದುರು ಮನೆ ಹುಡುಗ ಎರಡು ಕೊಡ ನೀರು ಮೇಲೆ ತಂದಿಟ್ಟ, ನನ್ನ ಮಂಡಿ ನೋವು ಅವನಿಗೆ ನೆನಪಿತ್ತು." ನೋಡಿ, "ದೇವರು ಎಲ್ಲ ಕೊಟ್ಟಿದ್ದಾನೆ" ಅಂತ ಬರೆದರೆ ಎರಡನೇ ದಿನಕ್ಕೇ ಬಾಯಿಪಾಠ ಆಗುತ್ತದೆ. ಎರಡು ಕೊಡ ನೀರು ಹಾಗಾಗುವುದಿಲ್ಲ. ದಿನಾ ಬೇಜಾರು ಅನಿಸಿದರೆ ವಾರಕ್ಕೊಮ್ಮೆ ಸಾಕು. (ಮನೆ ಮುಂದೆ ಸೊಪ್ಪಿನವಳು ಕೂಗುತ್ತಿದ್ದಾಳೆ, ಆ ಸದ್ದು ಬಿಡಿ.)

ಆಯಸ್ಸು ಹೆಚ್ಚುತ್ತದಾ ಅಂತ ಅತ್ತೆ ಕೇಳಿದ್ದರು. 2024ರಲ್ಲಿ ಅಮೆರಿಕದ 49 ಸಾವಿರಕ್ಕೂ ಹೆಚ್ಚು ವಯಸ್ಸಾದ ನರ್ಸ್‌ಗಳ ಮೇಲಿನ ಅಧ್ಯಯನ ಬಂತು, ಸರಾಸರಿ ವಯಸ್ಸು 79. ಕೃತಜ್ಞತೆಯಲ್ಲಿ ಮೇಲಿನ ಮೂರನೇ ಒಂದು ಪಾಲಿನಲ್ಲಿದ್ದವರು ಮುಂದಿನ ಸುಮಾರು ಮೂರು ವರ್ಷದಲ್ಲಿ ಸಾಯುವ ಸಂಭವ, ಕೆಳಗಿನ ಪಾಲಿನವರಿಗಿಂತ ಶೇ. 9ರಷ್ಟು ಕಮ್ಮಿ ಇತ್ತು. ಕಾಯಿಲೆ, ದುಡ್ಡು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಆದರೂ ಇದು ಸಂಬಂಧ ಅಷ್ಟೇ, ಇದರಿಂದಲೇ ಅದಾಯಿತು ಅನ್ನಲಾಗುವುದಿಲ್ಲ. ಕೈಕಾಲು ಚೆನ್ನಾಗಿದ್ದವರಿಗೆ ಕೃತಜ್ಞತೆಯೂ ಸಲೀಸು.

ಈಗ ಸ್ವಲ್ಪ ಖಾರವಾದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಪುಟ್ಟಿ ಕೆಲಸ ಹೋಗಿ ಮನೆಯಲ್ಲಿದ್ದಾಳೆ. ಫೋನ್ ಮಾಡಿದವರೆಲ್ಲ "ಇರೋದಕ್ಕೆ ಖುಷಿಪಡು, ಎಷ್ಟೋ ಜನಕ್ಕೆ ಊಟಾನೇ ಇಲ್ಲ" ಅನ್ನುತ್ತಿದ್ದೀರಿ. ಇದು ಕೃತಜ್ಞತೆ ಕಲಿಸುವುದಲ್ಲ, ಬಾಯಿ ಮುಚ್ಚಿಸುವುದು. ಅವಳು ಅಳಬೇಕು, ಬೈಯಬೇಕು, ಆಮೇಲೆ ಬರೆಯುವುದೋ ಬಿಡುವುದೋ ಅವಳಿಗೇ ಬಿಟ್ಟದ್ದು. ಅಮೆರಿಕದ ಓಹಾಯೊದಲ್ಲಿ ಇಬ್ಬರು 27 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಖಿನ್ನತೆ, ಆತಂಕಕ್ಕೆ ಈ ಬರವಣಿಗೆಯಿಂದ ಸಿಗುವ ಲಾಭ ಸಣ್ಣದು ಅಂತ ಬಂತು. ಚಿಕಿತ್ಸೆಯ ಜಾಗಕ್ಕೆ ಇದು ಬರುವುದಿಲ್ಲ. ಯಾರಿಗಾದರೂ ಮನಸ್ಸು ತೀರಾ ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗಲಾದರೂ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬರೆದು ಪೆಟ್ಟಿಗೆಯಲ್ಲಿ ಇಡುವ ಬದಲು ಆ ಮನುಷ್ಯನಿಗೇ ಹೇಳುವುದು. ಕುಮಾರ್, ಎಪ್ಲಿ ಅಂತ ಇಬ್ಬರು 2018ರಲ್ಲಿ ಜನರ ಕೈಲಿ ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಸಿದರು. ಬರೆದವರಿಗೆ ಅಳುಕು, ಅವರಿಗೆ ಮುಜುಗರ ಆಗಬಹುದು, ನನ್ನ ಮಾತು ಸರಿಯಾಗಿ ಬಂದಿಲ್ಲ ಅಂತ. ಪತ್ರ ಸಿಕ್ಕವರನ್ನು ಕೇಳಿದರೆ, ಬರೆದವರು ಅಂದುಕೊಂಡಷ್ಟು ಮುಜುಗರ ಆಗಿರಲಿಲ್ಲ, ಖುಷಿ ಮಾತ್ರ ಅಂದಾಜಿಗಿಂತ ಜಾಸ್ತಿ.

ಚಿಕ್ಕಪ್ಪ, ಪ್ರತಿ ಹಬ್ಬಕ್ಕೂ ಎಲೆ ಮುಂದೆ ಕೂತು ನಿಮ್ಮ ಎಸ್ಸೆಸ್ಸೆಲ್ಸಿ ಫೀಸು ಕಟ್ಟಿದ ಮೇಷ್ಟ್ರ ಕಥೆ ಹೇಳುತ್ತೀರಿ. ನಮಗೆಲ್ಲ ಬಾಯಿಪಾಠ ಆಗಿದೆ. ಮೇಷ್ಟ್ರಿಗೆ ಹೇಳಿದ್ದೀರಾ? ಅವರು ಗಟ್ಟಿಮುಟ್ಟಾಗಿದ್ದಾರೆ, ಮಗನ ಮನೆಯಲ್ಲಿದ್ದಾರೆ. ನಂಬರ್ ನಾನು ವಿಚಾರಿಸಿ ನಿಮಗೆ ಬೇರೆಯಾಗಿ ಕಳಿಸುತ್ತೇನೆ, ಗ್ರೂಪಿನಲ್ಲಿ ಹಾಕುವುದಿಲ್ಲ. ಮಧ್ಯಾಹ್ನ ಮಲಗುತ್ತಾರಂತೆ, ಐದರ ಮೇಲೆ ಮಾಡಿ. ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಮಾತಾಡಿ.