ಸೂರ್ಯ ಓಂ ಅಂದನಂತೆ

ನಮ್ಮ ‘ಹಳೇಮನೆ ಬಳಗ’ದಲ್ಲಿ 37 ಜನ ಇದ್ದೇವೆ. ಅಡ್ಮಿನ್ ನಾನು. ಕೆಲಸ ಅಂದರೆ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುವುದು, ಜಗಳ ಶುರುವಾದರೆ ನೋಡದವನ ಹಾಗೆ ಇರುವುದು. ಕಳೆದ ಭಾನುವಾರ ಬೆಳಗ್ಗೆ 6:10ಕ್ಕೇ ಎರಡನೇ ಕೆಲಸ ಬಂತು.

ಶಿವಮೊಗ್ಗ ಅತ್ತೆ: ನಾಸಾದವರು ಸೂರ್ಯನ ಶಬ್ದ ರೆಕಾರ್ಡ್ ಮಾಡಿದ್ದಾರೆ. ಅದು ಓಂ!! ಹೆಮ್ಮೆ ಇದ್ದರೆ 10 ಜನಕ್ಕೆ ಕಳಿಸಿ 🙏

ದೊಡ್ಡಪ್ಪ: ನಮ್ಮ ಹಿರಿಯರು ಎಂದೋ ಹೇಳಿದ್ದರು. ಈಗಿನ ಹುಡುಗರು ಏಳುವುದೇ ಒಂಬತ್ತಕ್ಕೆ. ಸೂರ್ಯ ಏನಂದ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಪುಟ್ಟಣ್ಣ: ಅತ್ತೆ, ಮೂಲ ಎಲ್ಲಿದೆ? ನಾಸಾದ ಲಿಂಕ್ ಕಳಿಸಿ.

ಶಿವಮೊಗ್ಗ ಅತ್ತೆ: ವಿಡಿಯೋ ಮೇಲೇ ನಾಸಾ ಅಂತ ಬರೆದಿದೆಯಲ್ಲೋ.

ಪುಟ್ಟಣ್ಣ: ಇದು 2020ರಲ್ಲೂ ಸುತ್ತಿತ್ತು. ಶಬ್ದ ಬರೋಕೆ ಗಾಳಿಯೋ ನೀರೋ ಏನಾದರೂ ಬೇಕು. ನಮಗೂ ಸೂರ್ಯನಿಗೂ ನಡುವೆ 15 ಕೋಟಿ ಕಿಲೋಮೀಟರ್, ಬಹುತೇಕ ಖಾಲಿ. ಬೆಳಕಿಗೆ ಅದು ಲೆಕ್ಕವಿಲ್ಲ, ಎಂಟು ಚಿಲ್ಲರೆ ನಿಮಿಷದಲ್ಲಿ ಬರುತ್ತೆ. ಶಬ್ದ ಬರಲ್ಲ. ದಾರಿಯುದ್ದಕ್ಕೂ ಗಾಳಿ ತುಂಬಿಸಿ ಕೊಟ್ಟರೂ ಸುಮಾರು 14 ವರ್ಷ ಬೇಕು.

ಮೈಸೂರು ಚಿಕ್ಕಮ್ಮ: 14 ವರ್ಷಾನಾ! ವನವಾಸ ಮುಗಿಸಿಕೊಂಡು ಬರುತ್ತೆ ಬಿಡು 😂

ದೊಡ್ಡಪ್ಪ: ರಾಮನೂ ಸೂರ್ಯವಂಶದವನೇ. ತಮಾಷೆ ಮಾಡಬೇಡಿ. ನಾನು ದಿನಾ ಬೆಳಗ್ಗೆ ತಾರಸಿ ಮೇಲೆ ನಿಂತಾಗ ಸಣ್ಣಗೆ ಕೇಳುತ್ತದೆ.

ಮೈಸೂರು ಚಿಕ್ಕಮ್ಮ: ಭಾವ, ಅದು ನಿಮ್ಮ ಬೀದಿ ಟ್ರಾನ್ಸ್‌ಫಾರ್ಮರ್.

ಇಲ್ಲಿಗೆ ಬಿಟ್ಟಿದ್ದರೆ ತಿಂಡಿ ಹೊತ್ತಿಗೆ ಎಲ್ಲ ತಣ್ಣಗಾಗುತ್ತಿತ್ತು. ಪುಟ್ಟಣ್ಣ ಬಿಡುವವನಲ್ಲ. ‘ಇನ್ನಷ್ಟು ಓದಿ’ ಅಂತ ಒತ್ತಿದರೇ ಪೂರ್ತಿ ಕಾಣುವಷ್ಟು ಉದ್ದ ಬರೆದ. ನಾನು ಓದಿದೆ. ನಿಜ ಹೇಳಬೇಕೆಂದರೆ ಫಾರ್ವರ್ಡ್‌ಗಿಂತ ಇದೇ ಚೆನ್ನಾಗಿತ್ತು.

ಪುಟ್ಟಣ್ಣ: ಹಾಗಂತ ಸೂರ್ಯ ಸುಮ್ನೆ ಕೂತಿಲ್ಲ. ಅವನ ಹೊಟ್ಟೆಯೊಳಗೆ ಶಬ್ದದ ಅಲೆಗಳು ಓಡಾಡ್ತಾನೇ ಇರುತ್ತವೆ. ಅದರಿಂದ ಮೈ ಸುಮಾರು 5 ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುತ್ತೆ. ನಮ್ಮ ಕಡೆ ಉಬ್ಬುವ ಭಾಗದ ಬೆಳಕು ಕೂದಲೆಳೆಯಷ್ಟು ನೀಲಿ ಕಡೆ ಸರಿಯುತ್ತೆ, ಇಳಿಯುವ ಭಾಗದ್ದು ಕೆಂಪು ಕಡೆ. ಯುರೋಪಿನವರೂ ನಾಸಾದವರೂ ಸೇರಿ 1995ರಲ್ಲಿ ಹಾರಿಸಿದ ಸೋಹೋ ಅನ್ನೋ ನೌಕೆ ಅಳೆದದ್ದು ಇದನ್ನು. ಅಂದರೆ ಅದು ಶಬ್ದ ಕೇಳಲಿಲ್ಲ, ನೋಡಿತು. ನಮ್ಮ ಕಿವಿಗೆ ಸೆಕೆಂಡಿಗೆ 20 ಸಲವಾದರೂ ನಡುಗಬೇಕು. 5 ನಿಮಿಷಕ್ಕೊಂದು ಸಲ ಅಂದರೆ ಎಲ್ಲಿ ಕೇಳಬೇಕು? ಅದಕ್ಕೇ ವಿಜ್ಞಾನಿಗಳು ಆ ಅಳತೆಯನ್ನ ಶಬ್ದ ಮಾಡಿ 42,000 ಪಟ್ಟು ವೇಗವಾಗಿ ಓಡಿಸಿದರು. ಆಗ ಸೆಕೆಂಡಿಗೆ ಸುಮಾರು 140 ಆಯ್ತು. ಗಂಡಸರ ಮಾತಿನ ಶ್ರುತಿ ಹೆಚ್ಚುಕಮ್ಮಿ ಅಷ್ಟೇ. ಗುಂಯ್ ಅನ್ನುತ್ತೆ. ಓಂ ಅಂದುಕೊಂಡರೆ ಓಂ, ಜೇನುಗೂಡು ಅಂದುಕೊಂಡರೆ ಜೇನುಗೂಡು. ಅಜ್ಜನ ಟೇಪ್‌ರೆಕಾರ್ಡರ್ ಜೋರಾಗಿ ಓಡಿದರೆ ದಪ್ಪ ಧ್ವನಿ ಇಲಿ ಧ್ವನಿ ಆಗ್ತಿತ್ತಲ್ಲ, ಹಾಗೆ.

ಕೊನೇ ಸಾಲು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು.

ಗುಂಡ: ಅಜ್ಜನ ಟೇಪು!! ಸೆಲ್ ವೀಕಾದರೆ ಹಾಡುವವರೆಲ್ಲ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳೋದು. ಸೆಲ್ ತೆಗೆದು ಹಂಚಿನ ಮೇಲೆ ಬಿಸಿಲಿಗಿಟ್ಟು ಮತ್ತೆ ಹಾಕ್ತಿದ್ವಿ. ಅದೂ ಸೂರ್ಯನ ಮಹಿಮೇನೇ ಅಲ್ವಾ ದೊಡ್ಡಪ್ಪ 😄

ದೊಡ್ಡಪ್ಪ: ಟೇಪಿನ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಅಪ್ಪನ ಗಮಕದ ಕ್ಯಾಸೆಟ್ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿದ್ದು ಯಾರು? ಮೇಲೆ ಯಾರೂ ರೆಕಾರ್ಡ್ ಮಾಡದಿರಲಿ ಅಂತ ಅದರ ಬೆನ್ನಿನ ಎರಡು ಹಲ್ಲನ್ನೂ ನಾನೇ ಮುರಿದು ಇಟ್ಟಿದ್ದೆ.

ಗುಂಡ: ನಾನಲ್ಲ. ಅವತ್ತಿಂದ ಹೇಳ್ತಾನೇ ಇದ್ದೀನಿ.

ದೊಡ್ಡಪ್ಪ: ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ರೆಕಾರ್ಡ್ ಮಾಡಿದ್ದರು. ಅಷ್ಟು ಬುದ್ಧಿ ಗುಂಡನಿಗೆ ಇರಲಿಲ್ಲ ಅಂತ ಈಗ ಅನ್ನಿಸುತ್ತಿದೆ.

ಗುಂಡ: ಥ್ಯಾಂಕ್ಸ್ ದೊಡ್ಡಪ್ಪ.

ಪುಟ್ಟಣ್ಣ: ಸಾಕ್ಷಿ ಇಲ್ಲದೆ ಯಾರ ಮೇಲೂ ಹೊರಿಸಬಾರದು. ಸೆಲ್ಲೋಟೇಪ್ ಎಲ್ಲರ ಕೈಗೂ ಸಿಗ್ತಿತ್ತು. ಅಲ್ಲದೆ ಅದೇನೂ ಪೂರ್ತಿ ಮ್ಯಾಚ್ ಅಲ್ಲ. ಪ್ರಸಾದ್ ಆ ಸೊಹೈಲ್‌ನ ಬೌಲ್ಡ್ ಮಾಡುತ್ತಿದ್ದ ಹಾಗೇ ಸೈಡ್ ಮುಗಿದು ಟಕ್ ಅಂತ ನಿಂತುಹೋಯ್ತು.

ಮೂರು ನಿಮಿಷ ಯಾರೂ ಏನೂ ಬರೆಯಲಿಲ್ಲ. 1996ರ ಮಾರ್ಚ್ 9, ಬೆಂಗಳೂರಿನ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮೂರಲ್ಲಿ ಕರೆಂಟ್ ಇರಲಿಲ್ಲ, ಜಗುಲಿ ತುಂಬ ಜನ, ನಡುವೆ ಆ ಟೇಪಿನ ರೇಡಿಯೋ. ಸೋಹೋ ಹಾರಿ ಆಗ ಮೂರು ತಿಂಗಳು.

ಮೈಸೂರು ಚಿಕ್ಕಮ್ಮ: ಮೂಲ ಎಲ್ಲಿದೆ ಪುಟ್ಟಾ? ಲಿಂಕ್ ಕಳಿಸು.

‘ಪುಟ್ಟಣ್ಣ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಶಿವಮೊಗ್ಗ ಅತ್ತೆ: ಹುಡುಗನ್ನ ಬಿಡಿ. ಎ ಸೈಡ್ ಹೋಯ್ತು ಅಷ್ಟೇ. ಬಿ ಸೈಡಲ್ಲಿ ಅಪ್ಪ ಇದ್ದಾರೆ. ಮಧ್ಯೆ ಅಮ್ಮ ಬಂದು ಕಾಫಿ ಇಡಲಾ ಅಂತ ಕೇಳಿದ್ದೂ ಇದೆ. ಕ್ಯಾಸೆಟ್ ನನ್ನ ಬೀರುವಿನಲ್ಲಿದೆ.

ದೊಡ್ಡಪ್ಪ: ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?

ಶಿವಮೊಗ್ಗ ಅತ್ತೆ: ನೀನು ಎಲ್ಲಿ ಕೇಳಿದೆ ಅಣ್ಣ? ಬೈಯೋದೇ ಆಯ್ತು.

ಇದಕ್ಕೆ ದೊಡ್ಡಪ್ಪನ ಉತ್ತರ ಬಂದದ್ದು ಊಟ ಆದ ಮೇಲೆ.

ದೊಡ್ಡಪ್ಪ: ಟೇಪು ನಮ್ಮ ಅಟ್ಟದ ಮೇಲಿದೆ. ಬೆಲ್ಟ್ ಸಡಿಲ ಆಗಿದೆ, ನಿಧಾನ ಓಡುತ್ತದೆ. ಅಪ್ಪನ ಧ್ವನಿ ಗೊಗ್ಗರಾಗುತ್ತದೆ.

ಪುಟ್ಟಣ್ಣ: ಬೆಲ್ಟ್ ನಾನು ತರ್ತೀನಿ ದೊಡ್ಡಪ್ಪ. ಬರೋ ಭಾನುವಾರ.

ಮೈಸೂರು ಚಿಕ್ಕಮ್ಮ: ಸೆಲ್ಲೋಟೇಪ್ ಮಾತ್ರ ತರಬೇಡ.